ಉಮ್ಮ ಆಮೀನ್ ಅಂದ ಬೇಸಿಗೆ

ಕಳೆದ ತಿಂಗಳು ಮಂಗಳೂರಿನ ಪಕ್ಕದ ತೊಕ್ಕೊಟ್ಟಿನಲ್ಲಿ ಒಂದು ಮದುವೆ. ಮದುವೆ ಹಾಲಿನಲ್ಲಿ ಹೆಂಗಸರ ಕಡೆಯ ಬಾಗಿಲಿಗೆ ಒಬ್ಬಳನ್ನು ನಿಲ್ಲಿಸಿ, ಕೆಂಡದ ಮೇಲೆ ಊದು ಹಾಕಿ, ಬಂದವರಿಗೆಲ್ಲ ಹೊಗೆ ಹಿಡಿಸುತ್ತಿದ್ದರು. ನಮ್ಮ ಕಾಲದಲ್ಲಿ ಪನ್ನೀರು ಚಿಮುಕಿಸಿದರೆ ಮುಗಿಯಿತು. ಈಗ ಗಲ್ಫಿನಿಂದ ಬಂದ ದುಡ್ಡಿಗೆ ಗಲ್ಫಿನದೇ ವಾಸನೆಯೂ ಬೇಕು. ಪರಿಚಯದ ಹೆಂಗಸೊಬ್ಬಳು ನನ್ನ ಕೈ ಹಿಡಿದು ಎಳೆದು, "ನೀನು ಕುವೈತಿನಲ್ಲಿ ಇದ್ದವಳಲ್ವಾ ಮಾರಾಯ್ತಿ, ಇದು ಒರಿಜಿನಲ್ಲಾ ಅಂತ ಮೂಸಿ ಹೇಳು ನೋಡುವ" ಎಂದಳು. ಮೂಸಿದೆ. ಒರಿಜಿನಲ್ಲೇ. ಅದೇ ತೊಂದರೆಯಾದದ್ದು. ಎಸಿ ಚಳಿಗೆ ಹಿಂದ್ ಹೆಗಲ ಮೇಲೆ ಹಾಕಿಕೊಳ್ಳುತ್ತಿದ್ದ ಶಾಲಿನ ವಾಸನೆ ಅದು. ತಲೆನೋವು ಅಂತ ಹೇಳಿ ಹೊರಗೆ ಒಂದು ಕುರ್ಚಿ ಹಾಕಿಸಿಕೊಂಡು ಕೂತೆ. ಬಿರಿಯಾನಿ ತಣಿಯಿತು, ಮದುಮಗಳು ಬಂದಳು, ಹೋದಳು. ನಾನು ಒಳಗೆ ಹೋಗಲಿಲ್ಲ.

ಹಿಂದ್ ಅನ್ನುವುದು ಒಬ್ಬ ಕುವೈತಿ ಹುಡುಗಿಯ ಹೆಸರು. ಅರಬಿಯಲ್ಲಿ ನಮ್ಮ ದೇಶಕ್ಕೂ ಅದೇ ಹೆಸರು. ಪಕ್ಕದ ಇರಾಕಿನಲ್ಲಿ ಯುದ್ಧ ನಡೆದ ಮರುವರ್ಷ ನಾನು ಕುವೈತಿನ ಶುವೈಖಿನ ಒಂದು ವಿಮಾ ಕಚೇರಿಯಲ್ಲಿ ಕೆಲಸಕ್ಕಿದ್ದೆ. ಗುದ್ದಿಸಿಕೊಂಡ ಕಾರುಗಳ ಕ್ಲೇಮುಗಳನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡುವುದು ನನ್ನ ಕೆಲಸ, ಅರಬಿಯಲ್ಲಿ ಬರೆಯುವುದು ಅವಳ ಕೆಲಸ. ಎರಡು ಮೇಜು, ಒಂದು ಕಿಟಕಿ. ಕಿಟಕಿಯಾಚೆ ಸಾಲು ಗ್ಯಾರೇಜು. ಅಲ್ಲೇ ಎರಡು ಬೀದಿ ದಾಟಿದರೆ ನನ್ನ ಗಂಡ ಹಮೀದ್ ಕೆಲಸ ಮಾಡುವ ಸ್ಪೇರ್ ಪಾರ್ಟ್ಸ್ ಅಂಗಡಿ.

ನಮ್ಮ ಸ್ನೇಹ ಶುರುವಾದದ್ದು ಒಂದು ಬೈಗುಳದಿಂದ. ಕೌಂಟರಿಗೆ ಬಂದ ಒಬ್ಬ ದೊಡ್ಡ ಹೊಟ್ಟೆಯ ಮನುಷ್ಯ ತನ್ನ ಕ್ಲೇಮು ಕಡಿಮೆಯಾಯಿತೆಂದು ಮೇಜು ಗುದ್ದಿ, "ಅನಾ ಹಿಂದೀ?" ಎಂದು ಕಿರುಚಿದ. ಹಾಗೆಂದರೆ 'ನಾನೇನು ಇಂಡಿಯನ್ನಾ?' ಅಂತ. ನನಗೆ ತಲೆಬುಡ ಹತ್ತಲಿಲ್ಲ. ಇವನು ಇಂಡಿಯನ್ ಅಲ್ಲ ಅಂತ ಇವನ ಮೂಗು ನೋಡಿದರೆ ಗೊತ್ತಾಗುತ್ತದಲ್ಲ, ಕೇಳುವುದೆಂತ? ಅವನು ಹೋದ ಮೇಲೆ ಹಿಂದ್ ಹತ್ತಿರ ಕೇಳಿದೆ. ಅವಳ ಕಿವಿ ಕೆಂಪಾಯಿತು.

"ಅದು ಮಾತಿಗೆ ಹೇಳುವುದು ಸಫಿಯಾ. ನನ್ನನ್ನು ಮಂಕ ಮಾಡ್ತೀರಾ, ನಾನೇನು ಮೊದ್ದನಾ ಅಂತ ಅದರರ್ಥ."

"ಓಹೋ. ಹಾಗಾದರೆ ಈ ಕೋಣೆಯಲ್ಲಿ ಮೊದ್ದು ನಾನು, ಮೊದ್ದರ ದೇಶ ನೀನು" ಎಂದೆ.

ಅವಳು ಬಾಯಿಗೆ ಶಾಲು ಒತ್ತಿಕೊಂಡು ನಕ್ಕಳು. ನಂತರ ಒಂದು ವಾರ ನನಗೆ ತಾನೇ ಚಹಾ ಮಾಡಿ ಕೊಟ್ಟಳು. ಕುವೈತಿಯೊಬ್ಬಳು ಇಂಡಿಯನ್ನಿಗೆ ಚಹಾ ಮಾಡಿ ಕೊಡುವುದನ್ನು ನೋಡಲು ನಮ್ಮ ಆಫೀಸಿನ ಈಜಿಪ್ಟಿನ ಮ್ಯಾನೇಜರ್ ಎರಡು ಸಲ ಬಾಗಿಲಿಗೆ ಬಂದ.

ನಮ್ಮವರೂ ಕಮ್ಮಿಯಿರಲಿಲ್ಲ. ಅಬ್ಬಾಸಿಯಾದ ನಮ್ಮ ಕಟ್ಟಡದಲ್ಲಿ ಅರಬಿಗಳ ಮಾತು ಬಂದರೆ ಎರಡೇ ವಿಷಯ: ಒಂದು ದುಡ್ಡು, ಇನ್ನೊಂದು ನಾಲ್ಕು ಮದುವೆ. ಒಂದು ಶುಕ್ರವಾರ ಹಿಂದ್ ನಮ್ಮ ಮನೆಗೆ ಬಂದಳು, ತಾನೇ ಕಾರು ಓಡಿಸಿಕೊಂಡು. ತಲೆಗೆ ಬಟ್ಟೆ ಇರಲಿಲ್ಲ. ಅಕ್ಕಿಯ ಪತ್ತಿರ್ ತಿಂದು, ಮೀನು ಸಾರಿಗೆ ಮೂಗು ಒರೆಸಿಕೊಂಡು, ಖುಷಿಯಲ್ಲಿ ಹೋದಳು. ಅವಳು ಮೆಟ್ಟಿಲಿಳಿದಳೋ ಇಲ್ಲವೋ, ಎದುರು ಮನೆಯ ಬೀಫಾತಿಮ ಒಳಗೆ ಬಂದಾಯಿತು.

"ಅವಳು ಅರಬಿಯೇ ಹೌದಾ? ಲೆಬನಾನಿನವಳಾ ಎಂತ?"

"ಕುವೈತಿ."

"ಕುವೈತಿಯಾಗಿ ತಲೆಗೆ ಬಟ್ಟೆ ಬೇಡ್ವಾ? ಕುರ್‌ಆನ್ ಬಂದದ್ದೇ ಅವರ ಭಾಷೆಯಲ್ಲಿ. ನಾವು ಅರ್ಥ ಗೊತ್ತಿಲ್ಲದೆ ಇಷ್ಟು ಮಾಡ್ತೇವೆ. ಅವಳಿಗೆ ಅರ್ಥವೂ ಗೊತ್ತುಂಟಲ್ಲ."

ಬೀಫಾತಿಮಳಿಗೆ ನಿಜವಾಗಿ ಬೇಜಾರಾಗಿತ್ತು. ಊರಿನಲ್ಲಿ ನಾವು ಚಿಕ್ಕವರಿದ್ದಾಗ ಅರಬಿ ಅಕ್ಷರವಿದ್ದ ಕಾಗದ ನೆಲಕ್ಕೆ ಬಿದ್ದರೆ ಎತ್ತಿ ಕಣ್ಣಿಗೊತ್ತಿಕೊಳ್ಳುತ್ತಿದ್ದೆವು. ಅದು ಬಿಸ್ಕತ್ತಿನ ಪೊಟ್ಟಣದ ಮೇಲಿನ ಜಾಹೀರಾತೂ ಆಗಿರಬಹುದು ಎಂದು ನನಗೆ ಗೊತ್ತಾದದ್ದೇ ಕುವೈತಿಗೆ ಬಂದ ಮೇಲೆ.

ಹಿಂದ್‌ಗೆ ಒಂದು ಆಸೆಯಿತ್ತು. ಅವಳ ಅಜ್ಜ ಹಾಯಿಹಡಗಿನ ನಾಖುದಾ, ಅಂದರೆ ಕಪ್ತಾನ. ಎಣ್ಣೆ ಸಿಗುವ ಮೊದಲು ಕುವೈತಿನವರು ಹೊಟ್ಟೆ ಹೊರೆದದ್ದೇ ಸಮುದ್ರದಲ್ಲಿ. ಬಸ್ರಾದಿಂದ ಖರ್ಜೂರ ತುಂಬಿಕೊಂಡು ಮಂಗಳೂರು, ಕಲ್ಲಿಕೋಟೆಗೆ ಬಂದು, ಅಲ್ಲಿಂದ ಹೆಂಚು, ಮರ, ಹಗ್ಗ ಹೇರಿಕೊಂಡು ಆಫ್ರಿಕಾದ ಜಂಜಿಬಾರಿನವರೆಗೂ ಹೋಗುತ್ತಿದ್ದರಂತೆ. ಅಜ್ಜ ಮಂಗಳೂರಿನ ಬಂದರಿನಲ್ಲಿ ಗಾಳಿ ತಿರುಗುವವರೆಗೆ ವಾರಗಟ್ಟಲೆ ಇರುತ್ತಿದ್ದ. ಕಾಗದದಷ್ಟು ತೆಳ್ಳಗಿನ ಅಕ್ಕಿ ರೊಟ್ಟಿಯ ಕಥೆ, ಮಳೆಯಲ್ಲಿ ನೆನೆಯುತ್ತಲೇ ಜಗಳವಾಡುವ ಮೀನುಗಾರ ಹೆಂಗಸರ ಕಥೆ ಅವಳಿಗೆ ಹೇಳಿದ್ದ. ಹಿಂದ್ ಎಂದು ಹೆಸರಿಟ್ಟವನೂ ಅವನೇ. ಅಜ್ಜ ಹೋದ ದಾರಿಯಲ್ಲೇ ವರ್ಷಕ್ಕೊಂದು ಊರು ನೋಡಬೇಕು, ಒಬ್ಬಳೇ ಹೋಗಬೇಕು, ಎಲ್ಲ ನೋಡಿದ ಮೇಲೆ ಒಂದು ಪುಸ್ತಕ ಬರೆಯಬೇಕು ಎನ್ನುವುದು ಅವಳ ಆಸೆ.

"ನೀನು ಲಂಡನ್ ನೋಡಿದವಳು, ಕೈರೋ ನೋಡಿದವಳು. ನಮ್ಮ ಮಂಗಳೂರಲ್ಲಿ ಎಂತ ಉಂಟು?" ಎಂದು ಕೇಳಿದ್ದೆ.

"ಅದೆಲ್ಲ ನಾನು ನೋಡಿದ್ದಲ್ಲ ಸಫಿಯಾ. ಅವರು ನನ್ನನ್ನು ನೋಡಿದ್ದು" ಎಂದಳು. "ಲಂಡನ್ನಿನ ಅಂಗಡಿಯವಳು ನನ್ನ ಮುಖ ನೋಡುವುದಿಲ್ಲ, ಕೈಚೀಲ ನೋಡುತ್ತಾಳೆ. ಕೈರೋದ ಟ್ಯಾಕ್ಸಿಯವನಿಗೆ ನನ್ನ ಉಚ್ಚಾರ ಕಿವಿಗೆ ಬಿದ್ದರೆ ಬಾಡಿಗೆ ಮೂರು ಪಟ್ಟು. ವಿಮಾನದಲ್ಲಿ ಒಬ್ಬಳು ಬಿಳಿ ಹೆಂಗಸು ನನ್ನನ್ನೂ ಅಮ್ಮನನ್ನೂ ಚಿಕ್ಕಮ್ಮನನ್ನೂ ತೋರಿಸಿ, ನೀವು ಮೂವರೂ ಒಬ್ಬನ ಹೆಂಡತಿಯರಾ ಅಂತ ಕೇಳಿದಳು. ಅಲ್ಲ ಅಂದೆ, ನಾನು ಕಾಲೇಜಿನಲ್ಲಿ ಓದಿದ್ದು ಹೇಳಿದೆ. ಅವಳಿಗೆ ಅದು ಬೇಡ. ನನ್ನ ಕೈ ಸವರಿ, 'ಪಾಪ' ಅಂದಳು. ನನ್ನನ್ನು ನೋಡಿ ದುಡ್ಡು ಅಂದುಕೊಳ್ಳದ, ಪಾಪ ಅಂತಲೂ ಅನ್ನದ ಒಂದು ಊರು ಬೇಕು ನನಗೆ. ಒಂದೇ ಒಂದು ಊರು."

ನಾನು ಎದೆ ತಟ್ಟಿ ಹೇಳಿದೆ: "ನಮ್ಮೂರಿಗೆ ಹೋಗು. ಉಮ್ಮನಿಗೆ ಮನೆಗೆ ಬಂದವರೆಲ್ಲ ಒಂದೇ. ಅಲ್ಲಿ ಯಾರೂ ನಿನ್ನನ್ನು ಹಾಗೆ ನೋಡಲ್ಲ."

ಅವಳ ಅಪ್ಪ ಬಿಡಲಿಕ್ಕಿಲ್ಲ ಎಂದು ನಾನು ಗಟ್ಟಿ ಮಾಡಿಕೊಂಡಿದ್ದೆ. ಅರಬಿ ಅಪ್ಪ ಅಂದರೆ ಹೀಗೇ ಎಂದು ನನ್ನ ತಲೆಯಲ್ಲೂ ಒಂದು ಚಿತ್ರ ಇತ್ತಲ್ಲ. ಆ ಮುದುಕ ಮಗಳ ಮಾತು ಕೇಳಿ, "ಸಫಿಯಾಳ ತಾಯಿಯ ಮನೆಯಲ್ಲಿ ಇಳಿಯುವುದಾದರೆ ಹೋಗು. ಬರುವಾಗ ಒಳ್ಳೆಮೆಣಸು ತಾ" ಎಂದನಂತೆ. ಅಷ್ಟೇ.

ಹೊರಡುವ ಮುಂಚೆ ನಮ್ಮಿಬ್ಬರಿಗೂ ಒಂದು ಜಗಳವಾಯಿತು. ಅವಳ ಮನೆಗೆ ಹೋಗಿದ್ದೆ. ಮುಂಬಾಗಿಲ ಹತ್ತಿರ ಎರಡು ದೊಡ್ಡ ಪೆಟ್ಟಿಗೆ. ಒಂದರ ತುಂಬ ಉಟ್ಟು ಬಿಟ್ಟ ಬಟ್ಟೆ, ಹಳೆಯ ಶೂಗಳು.

"ಇದು ಯಾರಿಗೆ?"

"ನಿಮ್ಮ ಕಡೆ ಬಡವರಿಗೆ."

ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ನಮ್ಮುಮ್ಮ ಭಿಕ್ಷುಕಿ ಅಲ್ಲ ಹಿಂದ್. ನಮ್ಮ ಮನೆಗೆ ಬರುವವಳು ಕೈ ಬೀಸಿಕೊಂಡು ಬಾ. ಅಲ್ಲಿ ಯಾರೂ ನಿನ್ನ ಮುಂದೆ ಕೈ ಚಾಚುವುದಿಲ್ಲ" ಎಂದೆ. ಅವಳು ಮುಖ ಸಣ್ಣ ಮಾಡಿ, ಪೆಟ್ಟಿಗೆ ಒಳಗೆ ಕಳಿಸಿ, ನನ್ನ ಕೆನ್ನೆಗೆ ಮುತ್ತು ಕೊಟ್ಟಳು. ಆ ಮಾತು ಆಡಿದ್ದಕ್ಕೆ ನಾನು ಆಮೇಲೆ ಎಷ್ಟು ಸಲ ನಾಲಗೆ ಕಚ್ಚಿಕೊಂಡೆನೋ ಲೆಕ್ಕವಿಲ್ಲ.

ನಾನು ಜೊತೆಗೆ ಹೋಗಲಿಲ್ಲ. ಒಂದೇ ಕೋಣೆಯ ಇಬ್ಬರಿಗೆ ಒಟ್ಟಿಗೆ ರಜೆ ಕೊಡಲು ಮ್ಯಾನೇಜರ್ ಒಪ್ಪಲಿಲ್ಲ. ಅದು ಜುಲೈ. ಬೆಳಗ್ಗೆ ಬಸ್ಸಿನ ಕಂಬಿ ಮುಟ್ಟಿದರೆ ಕೈ ಸುಡುವ ಕಾಲ. ಆ ವಾರವೆಲ್ಲ ತೋಝ್, ಅಂದರೆ ಧೂಳಿನ ಗಾಳಿ. ಕಿಟಕಿಗೆ ಒದ್ದೆ ಬಟ್ಟೆ ತುರುಕಿದರೂ ಅನ್ನದಲ್ಲಿ ಹಲ್ಲಿಗೆ ಮಣ್ಣು ಸಿಗುತ್ತಿತ್ತು. ಅವಳ ಖಾಲಿ ಕುರ್ಚಿಯ ಮೇಲೂ ಧೂಳು ಕೂತಿತ್ತು. ಅಲ್ಲಿ ಈಗ ಜಡಿಮಳೆ, ಹಿಂದ್ ಜಗಲಿಯಲ್ಲಿ ಕಾಲು ನೀಡಿ ಕೂತಿರುತ್ತಾಳೆ, ಉಮ್ಮ ಅವಳಿಗೆ ನೀರುದೋಸೆ ಹೊಯ್ದು ಕೊಡುತ್ತಿರುತ್ತಾಳೆ ಎಂದು ನೆನೆಸಿ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು.

ಶುಕ್ರವಾರ ಊರಿಗೆ ಫೋನ್ ಮಾಡಿದೆ. ಉಮ್ಮ ಖುಷಿಯಲ್ಲಿ ಉಸಿರೇ ಬಿಡುತ್ತಿರಲಿಲ್ಲ.

"ಎಂಥ ಹುಡುಗಿ ಸಫಿಯಾ ಅವಳು. ನಾವು ಪಾಪ ಅವಳ ತಲೆ ಮೇಲೆ ಬಟ್ಟೆ ಇಲ್ಲ ಅಂತ ಆಡಿಕೊಂಡೆವು. ನಿನ್ನೆ ಮನೆ ತುಂಬ ಜನ. ಎಲ್ಲರ ಎದುರು ಎದ್ದು ನಿಂತು, ಎರಡೂ ಕೈ ಮೇಲೆತ್ತಿ, ಎಷ್ಟು ಚಂದ ದುಆ ಮಾಡಿದಳು ಗೊತ್ತುಂಟಾ? ಕಣ್ಣಲ್ಲಿ ನೀರು ಇಳೀತಿತ್ತು ಅವಳಿಗೆ. ನಮ್ಮ ಉಸ್ತಾದರಿಗೂ ಹಾಗೆ ಮಾಡ್ಲಿಕ್ಕೆ ಬರುದಿಲ್ಲ. ನಾವೆಲ್ಲ ಆಮೀನ್ ಅಂದೆವು. ಗಂಡಸರು ಜಗಲಿಯಿಂದಲೇ ಆಮೀನ್ ಅಂದರು."

ಹಿಂದ್ ನಮಾಜೇ ಅಪರೂಪಕ್ಕೆ ಮಾಡುವವಳು. ನನಗೆ ಏನೋ ಸರಿ ಕಾಣಲಿಲ್ಲ. ಫೋನ್ ಅವಳಿಗೆ ಕೊಡು ಎಂದೆ. "ಅವಳು ತಲೆನೋವು ಅಂತ ಬಾಗಿಲು ಹಾಕಿ ಮಲಗಿದ್ದಾಳೆ. ದುಆ ಮಾಡಿದವರಿಗೆ ಹಾಗೆ ಆಗ್ತದೆ, ಶಕ್ತಿ ಇಳೀತದೆ" ಎಂದಳು ಉಮ್ಮ.

ಹತ್ತು ದಿನಕ್ಕೆಂದು ಹೋದವಳು ಆರನೆಯ ದಿನ ಶುವೈಖಿನಲ್ಲಿ ತನ್ನ ಕುರ್ಚಿಯ ಧೂಳು ಒರೆಸುತ್ತಿದ್ದಳು. ನಾನು ಅಪ್ಪಿಕೊಳ್ಳಲು ಹೋದೆ. ಅವಳು ಕೈಚೀಲದಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದು ನನ್ನ ಮೇಜಿನ ಮೇಲಿಟ್ಟಳು. ತೊಕ್ಕೊಟ್ಟಿನ ಬಟ್ಟೆ ಅಂಗಡಿಯ ಕವರು. ಒಳಗೆ ಪಾಸ್‌ಪೋರ್ಟಿನ ಜೆರಾಕ್ಸ್‌ಗಳು. ಒಂದೊಂದಕ್ಕೂ ಪಿನ್ ಹಾಕಿ ಎರಡೆರಡು ಫೋಟೋ. ನಮ್ಮ ಕಡೆ ಗಲ್ಫಿನ ಆಸೆಯಿರುವ ಮನೆಗಳಲ್ಲಿ ಇವು ಅಲ್ಮೇರಾದಲ್ಲಿ ಯಾವಾಗಲೂ ತಯಾರಿರುತ್ತವೆ, ಯಾರಾದರೂ ಪುಣ್ಯಾತ್ಮರು ಬಂದರೆ ಕೊಡಲು. ಮೇಲುಗಡೆಯದರಲ್ಲಿ ನನ್ನ ತಮ್ಮ ನಿಸಾರ್, ಕೂದಲಿಗೆ ಎಣ್ಣೆ ಹಚ್ಚಿ ಬಾಚಿಕೊಂಡು ನನ್ನನ್ನೇ ನೋಡುತ್ತಿದ್ದ.

"ನಾನು ಬಂದರು ನೋಡಲಿಲ್ಲ" ಎಂದಳು ಹಿಂದ್. "ದಿನಾ ಕೇಳಿದೆ. ಅಲ್ಲಿ ಕೆಸರು, ಮೀನಿನ ವಾಸನೆ, ಮರ್ಯಾದೆಯವರು ಹೋಗುವ ಜಾಗ ಅಲ್ಲ ಅಂದರು. ಕಾರಿನಲ್ಲಿ ಕೂರಿಸಿ ಚಿನ್ನದ ಅಂಗಡಿ ತೋರಿಸಿದರು. ಕುವೈತಿನ ದುಡ್ಡಲ್ಲಿ ಕಟ್ಟಿದ ಮನೆಗಳನ್ನು ತೋರಿಸಿದರು. ಪ್ರತಿ ಮನೆಯಲ್ಲೂ ಹಲ್ವ, ಪ್ರತಿ ಮನೆಯಲ್ಲೂ ಒಂದು ಜೆರಾಕ್ಸ್. ನಾನು ಎಲ್ಲೂ ನಡೆಯಲೇ ಇಲ್ಲ ಸಫಿಯಾ. ಮಳೆಗೆ ಕೈ ಹೊರಗೆ ಹಾಕಿದರೆ ನಾಲ್ಕು ಜನ ಕೊಡೆ ಹಿಡಿದುಕೊಂಡು ಓಡಿ ಬಂದರು. ಸೇತುವೆ ಮೇಲಿಂದ ಒಂದು ಸಲ ದೂರದಲ್ಲಿ ಸಮುದ್ರ ಕಂಡಿತು. ಅಷ್ಟೇ ನನ್ನ ಅಜ್ಜನ ಊರು."

"ಮತ್ತೆ ದುಆ?"

"ಯಾವ ದುಆ?" ಒಂದು ಗಳಿಗೆ ಅರ್ಥವಾಗದೆ ನನ್ನನ್ನು ನೋಡಿದಳು. ಆಮೇಲೆ ನಗತೊಡಗಿದಳು. ಆ ನಗು ನನಗೆ ಹಿಡಿಸಲಿಲ್ಲ. "ಅವತ್ತು ಸಂಜೆ ಇಪ್ಪತ್ತು ಮೂವತ್ತು ಜನ ಬಂದರು. ಒಬ್ಬಳು ಹೆಂಗಸು ಮಗನ ಫೋಟೋವನ್ನು ನನ್ನ ಅಂಗಿಯ ಕುತ್ತಿಗೆಯಿಂದ ಒಳಗೇ ತುರುಕಿದಳು. ನನಗೆ ತಡೆಯಲಿಲ್ಲ. ಎದ್ದು ನಿಂತು ಕೈ ಎತ್ತಿ ಅರಬಿಯಲ್ಲಿ ಹೇಳಿದೆ: ಯಾ ರಬ್ಬೀ, ನನಗೆ ಸಾಕಾಯಿತು. ಇವರು ನನ್ನನ್ನು ಮನುಷ್ಯಳು ಅಂತ ನೋಡುವುದಿಲ್ಲ. ನನ್ನನ್ನು ಇಲ್ಲಿಂದ ಎತ್ತಿಕೊಂಡು ಹೋಗು. ಎಲ್ಲರೂ ಒಟ್ಟಿಗೆ ಆಮೀನ್ ಅಂದರು. ನಾನು ಸುಮ್ಮನಿರಿ ಅಂತ ಅರಚಿದೆ. ಅದಕ್ಕೂ ಆಮೀನ್ ಅಂದರು. ನಿನ್ನ ತಾಯಿ ಬಂದು ನನ್ನ ಕೈಗೆ ಮುತ್ತಿಟ್ಟರು."

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಉಮ್ಮನ ಮೇಲೆ ಸಿಟ್ಟು ಬಂತು, ಆಮೇಲೆ ಹಿಂದ್ ಮೇಲೂ ಬಂತು. ಉಮ್ಮನಿಗೆ ಅರಬಿ ಅಂದರೆ ಅಲ್ಲಾಹನ ಹತ್ತಿರ ಆಡುವ ಮಾತು, ಬೇರೆ ಯಾರ ಹತ್ತಿರವೂ ಆಡುವುದಲ್ಲ. ಅದನ್ನು ಇವಳಿಗೆ ಯಾವ ಭಾಷೆಯಲ್ಲಿ ಹೇಳುವುದು?

"ನೀನೂ ಇದಕ್ಕೇ ನನ್ನ ಜೊತೆ ಚಹಾ ಕುಡಿದದ್ದಾ?" ಎಂದು ಹಿಂದ್ ಕೇಳಿದಳು.

"ಅಲ್ಲ" ಎಂದೆ.

ಅವಳು ತಲೆ ಅಲ್ಲಾಡಿಸಿದಳು. ನಂಬಿದಳೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ.

ಮನೆಗೆ ಹೋಗಿ ಗಂಡನನ್ನು ತರಾಟೆಗೆ ತೆಗೆದುಕೊಂಡೆ. ಊರಿಗೆ ಫೋನ್ ಮಾಡಿ ಸುದ್ದಿ ಹಬ್ಬಿಸಿದ್ದು ಇವರೇ. "ನಾನು ಎಂತ ಹೇಳಿದೆ? ಕುವೈತಿ ಹೆಂಗಸು ಬರ್ತಾಳೆ, ಸರಿಯಾಗಿ ನೋಡಿಕೊಳ್ಳಿ ಅಂತ ಹೇಳಿದೆ. ಸುಳ್ಳಾ?" ಎಂದರು. ಸುಳ್ಳಲ್ಲ. ಕುವೈತಿಯಾದವಳು ಬೇಕಾದರೆ ಯಾರಿಗಾದರೂ ಕಫೀಲ್ ಆಗಬಹುದು, ತನ್ನ ಹೆಸರಿನಲ್ಲಿ ಮನೆ ಕೆಲಸದ ವೀಸಾ ತೆಗೆದು ಕರೆಸಿಕೊಳ್ಳಬಹುದು. ನಮ್ಮವರಿಗೆ ಅವಳ ಮುಖದಲ್ಲಿ ಕಂಡದ್ದು ಅದೊಂದೇ.

ಅಲ್ಲಿಗೇ ಮುಗಿದಿದ್ದರೆ ನಾನೂ ಅವಳೂ ಒಂದು ತಿಂಗಳು ಮಾತು ಬಿಟ್ಟು ಮತ್ತೆ ಒಂದಾಗುತ್ತಿದ್ದೆವೋ ಏನೋ. ಒಂದು ವಾರದ ಮೇಲೆ ಅವಳು ಆ ಕವರಿನಿಂದ ನಿಸಾರನ ಜೆರಾಕ್ಸ್ ಮಾತ್ರ ಹೊರಗೆ ತೆಗೆದಳು.

"ಇವನಿಗೆ ವೀಸಾ ಕೊಡ್ತೇನೆ. ಅಪ್ಪನಿಗೆ ಡ್ರೈವರ್ ಬೇಕು. ನಿನ್ನ ತಾಯಿ ನನಗೆ ತಮ್ಮ ಮಂಚ ಬಿಟ್ಟುಕೊಟ್ಟು ಅಡುಗೆಕೋಣೆಯಲ್ಲಿ ಚಾಪೆ ಹಾಕಿ ಮಲಗಿದರು. ಅವರ ಋಣ ನನಗೆ ಬೇಡ."

"ಬೇಡ ಹಿಂದ್" ಎಂದೆ.

"ಯಾಕೆ ಬೇಡ?"

"ನೀನು ಅವನ ಕಫೀಲ್ ಆದರೆ ನನಗೆ ಏನಾಗ್ತೀ?"

ಅವಳು ಜೆರಾಕ್ಸನ್ನು ತನ್ನ ಕೈಚೀಲಕ್ಕೆ ಹಾಕಿಕೊಂಡಳು. ನಾಳೆ ಹೇಳು ಎಂದಳು.

ಆ ರಾತ್ರಿ ನಮ್ಮ ಮನೆಯಲ್ಲಿ ಯುದ್ಧ. "ನಿನಗೆ ಮರುಳಾ? ಜನ ಲಕ್ಷ ಕೊಟ್ಟು ಏಜೆಂಟನ ಕಾಲು ಹಿಡೀತಾರೆ. ಮನೆ ಬಾಗಿಲಿಗೆ ಬಂದ ವೀಸಾ ಬೇಡ ಅಂತೀಯಾ? ಯಾಕೆ, ನಿನಗೆ ಅವಳ ಜೊತೆ ಚಹಾ ಕುಡೀಲಿಕ್ಕಾ?" ಎಂದರು ಇವರು. ಉಮ್ಮ ಫೋನಿನಲ್ಲಿ ಅತ್ತಳು. ನಿಸಾರ್ ಮೂರು ವರ್ಷದಿಂದ ಕೆಲಸವಿಲ್ಲದೆ ಬಸ್‌ಸ್ಟ್ಯಾಂಡಿನಲ್ಲಿ ಕೂತಿದ್ದ. ತಂಗಿಗೆ ಮದುವೆಯಾಗಬೇಕಿತ್ತು. ಮರುದಿನ ನಾನು ಹಿಂದ್‌ಗೆ ಆಗಲಿ ಎಂದೆ. ಅದು ತಪ್ಪೆಂದು ನನಗೆ ಈಗಲೂ ಅನಿಸುವುದಿಲ್ಲ. ತಂಗಿಯ ಮದುವೆ ಆ ವೀಸಾದಿಂದಲೇ ಆಯಿತು, ಉಮ್ಮನ ಮನೆಗೆ ತಾರಸಿ ಹಾಕಿಸಿದ್ದೂ ಅದರಿಂದಲೇ. ಹೊಟ್ಟೆ ಉರಿಯುವುದು ಬೇರೆ ವಿಷಯಕ್ಕೆ. ತಮ್ಮನ ಅನ್ನ, ಅವಳ ಸ್ನೇಹ, ಈ ಎರಡರಲ್ಲಿ ಒಂದನ್ನೇ ಆರಿಸಿಕೊಳ್ಳಬೇಕು ಎಂದು ಯಾರು ಗೊತ್ತು ಮಾಡಿದ್ದು?

ಚಳಿಗಾಲಕ್ಕೆ ಮೊದಲೇ ಹಿಂದ್‌ಗೆ ಸರಕಾರಿ ಕೆಲಸ ಸಿಕ್ಕಿತು, ನಮ್ಮ ಆಫೀಸು ಬಿಟ್ಟಳು. ಕೊನೆಯ ದಿನ ಕಲ್ಲಿಕೋಟೆಗೆ ಯಾವಾಗ ಹೋಗುತ್ತೀ ಎಂದು ಕೇಳಿದೆ. "ಎಲ್ಲಿಗೂ ಇಲ್ಲ. ಬೇಸಿಗೆಗೆ ಅಣ್ಣಂದಿರ ಜೊತೆ ಲಂಡನ್ನಿಗೆ ಹೋಗ್ತೇನೆ. ಅಲ್ಲಿ ಕೈಚೀಲ ಮಾತ್ರ ನೋಡ್ತಾರೆ, ಒಳಗೆ ಏನೂ ತುರುಕುವುದಿಲ್ಲ" ಎಂದಳು. ಪುಸ್ತಕದ ಮಾತು ನಾನು ಎತ್ತಲಿಲ್ಲ.

ನಿಸಾರ್ ಬಂದು ಒಂದೂವರೆ ತಿಂಗಳಾದ ಮೇಲೆ ಒಂದು ಶುಕ್ರವಾರ ಅವನನ್ನು ನೋಡಲು ಜಾಬ್ರಿಯಾದ ಹಿಂದ್ ಮನೆಗೆ ಹೋದೆ. ಆ ಮನೆಗೆ ನಾನು ಎಷ್ಟೋ ಸಲ ಹೋಗಿದ್ದವಳು, ಮುಂಬಾಗಿಲಿಂದ ಹೋಗಿ ಹಾಲಿನ ಸೋಫಾದಲ್ಲಿ ಕೂತವಳು. ನಿಸಾರ್ ಗೇಟಿನಲ್ಲೇ ನನ್ನನ್ನು ತಡೆದು, "ಆ ಕಡೆ ಅಲ್ಲ ಅಕ್ಕ, ಈಚೆ ಬಾ" ಎಂದು ಪಕ್ಕದ ಓಣಿಯಲ್ಲಿ ಕರೆದುಕೊಂಡು ಹೋದ. ಗ್ಯಾರೇಜಿನ ಹಿಂದೆ ಅವನ ಕೋಣೆ. ಮನೆಯೂಟದ ಡಬ್ಬಿ ಬಿಚ್ಚಿಟ್ಟೆ. ಅವನು ದಪ್ಪಗಾಗಿದ್ದ, ಖುಷಿಯಲ್ಲಿದ್ದ. ಅಡುಗೆಯ ಶ್ರೀಲಂಕಾದ ಹೆಂಗಸು ಒಂದು ಕಾಗದದ ಲೋಟದಲ್ಲಿ ನನಗೆ ಚಹಾ ತಂದುಕೊಟ್ಟಳು.

ಅಷ್ಟರಲ್ಲಿ ಒಳಗಿನಿಂದ ಹೀಲ್ಸ್ ಸದ್ದು. ಹಿಂದ್ ಎಲ್ಲಿಗೋ ಹೊರಟಿದ್ದಳು. ಮೊದಲಾದರೆ ಕಾರು ತಾನೇ ಓಡಿಸುತ್ತಿದ್ದವಳು, ಈಗ ಡ್ರೈವರ್ ಇದ್ದಾನಲ್ಲ. ನನ್ನನ್ನು ಕಂಡು ನಿಂತಳು. ನನಗೆ ಎಷ್ಟು ಸಂತೋಷವಾಯಿತೆಂದರೆ, ಲೋಟ ಹಿಡಿದುಕೊಂಡೇ ಎದ್ದು, "ಹಿಂದ್, ಹೇಗಿದ್ದೀ?" ಎಂದೆ.

ನಿಸಾರ್ ನನ್ನ ಮೊಣಕೈ ಹಿಂಡಿದ. ನಮ್ಮ ಬ್ಯಾರಿ ಭಾಷೆಯಲ್ಲಿ ಮೆಲ್ಲಗೆ, "ಅಕ್ಕ, ಎಂತ ನೀನು, ಹೆಸರು ಹಿಡಿದು ಕರೀತಿ? ಮೇಡಂ ಅನ್ನು. ನನ್ನ ಅನ್ನಕ್ಕೆ ಕಲ್ಲು ಹಾಕಬೇಡ" ಎಂದ.

ಬೇರೆಲ್ಲ ಅರ್ಥವಾಗದಿದ್ದರೂ ಅದರಲ್ಲಿ ಮೇಡಂ ಎನ್ನುವ ಶಬ್ದ ಹಿಂದ್‌ಗೆ ಕೇಳಿಸಿತ್ತು. ಅವಳು ನನ್ನ ಮುಖ ನೋಡಿದಳು. ಆಮೇಲೆ ಕಾಗದದ ಲೋಟ ನೋಡಿದಳು. ಏನೋ ಹೇಳಲು ಬಾಯಿ ತೆರೆದ ಹಾಗಾಯಿತು. ನಾನು ಕಾದೆ.

"ನಿನ್ನ ತಮ್ಮ ಒಳ್ಳೆಯ ಹುಡುಗ" ಎಂದಳು.

"ಥ್ಯಾಂಕ್ಯೂ ಮೇಡಂ" ಎಂದೆ.

ಅವಳು ಬೇಡ ಅನ್ನಲಿಲ್ಲ. ನಿಸಾರ್ ಓಡಿ ಹೋಗಿ ಹಿಂದಿನ ಸೀಟಿನ ಬಾಗಿಲು ತೆರೆದ.